ಮಷೀನ್ ಡಿಸೈನ್ ಪೇಪರಲ್ಲಿ ಒಳ್ಳೇ ಮಾರ್ಕ್ಸ್ ತೆಗೆಯೋರಿಗೂ ಒಂದು ಬ್ರಾಕೆಟ್ ಡಿಸೈನ್ ಮಾಡಕ್ಕೆ ಬರಲ್ಲ, ಹೇಗೆ ಕಲಿಸೋದು?

ಮೆಕ್_ಮೇಷ್ಟ್ರು:
ಎಲ್ರಿಗೂ ನಮಸ್ಕಾರ. ತುಮಕೂರು ಸೈಡಲ್ಲಿ ವಿಟಿಯು ಕೆಳಗಿನ ಒಂದು ಕಾಲೇಜಲ್ಲಿ ಮೆಕ್ಯಾನಿಕಲ್ ಪಾಠ ಮಾಡ್ತೀನಿ, ಕಾಲೇಜ್ ಹೆಸರು ಬೇಡ ಬಿಡಿ. ಈ ಸಲ ಐದನೇ ಸೆಮ್ಮಿನ ಮಷೀನ್ ಡಿಸೈನ್ ನನ್ನ ಪಾಲಿಗೆ ಬಂದಿದೆ. ಪೇಪರ್ ಹೇಗಿರತ್ತೆ ಅಂತ ಗೊತ್ತಲ್ಲ, 50 ಕಿಲೋನ್ಯೂಟನ್ ಎಳೆತಕ್ಕೆ ನಕಲ್ ಜಾಯಿಂಟ್ (ಎರಡು ರಾಡನ್ನ ಪಿನ್ ಹಾಕಿ ಸೇರಿಸೋ ಜೋಡಣೆ) ಡಿಸೈನ್ ಮಾಡಿ, ಟೆನ್ಷನ್‌ಗೆ 80 ಎಂಪಿಎ (ಸ್ಟ್ರೆಸ್, ಅಂದ್ರೆ ಒಳಗಿನ ಒತ್ತಡದ ಲಿಮಿಟ್ಟು), ಶಿಯರ್‌ಗೆ ಇಷ್ಟು, ಕ್ರಶಿಂಗ್‌ಗೆ ಇಷ್ಟು ಅಂತ ಎಲ್ಲಾ ಕೊಟ್ಟೇ ಇರ್ತಾರೆ, ಹುಡುಗ್ರು ಡೇಟಾ ಹ್ಯಾಂಡ್‌ಬುಕ್ ತೆಗೆದು ಫಾರ್ಮುಲಾ ಹುಡುಕಿ ರಾಡ್ ಡಯಾ 28.2 ಮಿ.ಮೀ. ಅಂತ ತೆಗೆದು 'ಸೇ 30' (30 ಅಂತಿಟ್ಕೊಳ್ಳಿ) ಅಂತ ಬರೆದು ಬಾಕ್ಸ್ ಹಾಕ್ತಾರೆ. ಇಡೀ ಕ್ಲಾಸಿಗೆ ಒಂದೇ ಉತ್ತರ. ಅದೇ ಹುಡುಗ್ರ ಕೈಗೆ ಒಂದು ಮೋಟರ್ ಕೊಟ್ಟು, ಗೋಡೆಗೆ ಕೂರಿಸೋಕೆ ಬ್ರಾಕೆಟ್ ಮಾಡ್ರಪ್ಪಾ ಅಂದ್ರೆ ಫಸ್ಟ್ ಪ್ರಶ್ನೆ 'ಸರ್ ಲೋಡ್ ಎಷ್ಟು ತಗೋಬೇಕು?' ನೀವೇ ಹೇಳಿ ಅಂದ್ರೆ ಎಲ್ರೂ ಸೈಲೆಂಟು.

ಪರೀಕ್ಷೆ ಪೇಪರ್ ನನ್ನ ಕೈಲಿಲ್ಲ, ಆದ್ರೆ ಇಂಟರ್ನಲ್ಸಿನ 50 ಮಾರ್ಕ್ಸಲ್ಲಿ ಒಂದಿಷ್ಟು ನನ್ನ ಕೈಲಿದೆ. ಅಲ್ಲಿ ನಿಜವಾದ ಡಿಸೈನ್ ಅಂತ ಏನಾದ್ರೂ ಮಾಡಿಸ್ಬೇಕು. ಯಾರಾದ್ರೂ ಮಾಡಿದ್ರೆ ಹೇಳಿ. ದಯವಿಟ್ಟು ಸ್ಪಾಗೆಟಿ ಬ್ರಿಡ್ಜು, ಮೊಟ್ಟೆ ಒಡೀದೆ ಇರೋ ಡಬ್ಬ ಇವೆರಡು ಬೇಡ, ನೋಡಿ ನೋಡಿ ಸಾಕಾಗಿದೆ.

ಸಿಲ್ಕ್‌ಬೋರ್ಡ್_ಸಂತ್ರಸ್ತ:
ಸರ್, ನಾನು ಆಟೋಮೊಬೈಲ್ ಡಿಸೈನ್ ಸರ್ವೀಸಸಲ್ಲಿ ಇರೋನು, ಫ್ರೆಶರ್ಸ್ ಇಂಟರ್‌ವ್ಯೂ ತಗೋತೀನಿ. ಹೊಸ ಪ್ರಶ್ನೆ ಹುಡುಕೋದೇನೂ ಬೇಡ, ನಿಮ್ಮ ನಕಲ್ ಜಾಯಿಂಟ್ ಪ್ರಶ್ನೇನೇ ಸಾಕು, ಅದನ್ನ 'ಸೇ 30' ಅನ್ನೋ ಕಡೆ ನಿಲ್ಲಿಸಿ.

ಸ್ಟೋರಲ್ಲಿ 28ರ ರಾಡ್ ಇದೆ, 30 ತರಿಸ್ಬೇಕು ಅಂದ್ರೆ ವಾರ ಆಗತ್ತೆ. 28 ಹಾಕ್ಬೋದಾ ಅಂತ ಕೇಳಿ. 28ಕ್ಕೆ ಲೆಕ್ಕ ಹಾಕಿದ್ರೆ ಸ್ಟ್ರೆಸ್ 81.2 ಬರತ್ತೆ, ಲಿಮಿಟ್ 80. ಅರ್ಧ ಕ್ಲಾಸು 'ಫೇಲ್ ಸರ್' ಅಂತಾರೆ. ಸರಿ, ಆ 80 ಎಲ್ಲಿಂದ ಬಂತು? ಮೈಲ್ಡ್ ಸ್ಟೀಲ್ ಈಲ್ಡ್ (ಖಾಯಂ ಆಗಿ ಹಿಗ್ಗೋಕೆ ಶುರುವಾಗೋ ಸ್ಟ್ರೆಸ್) 250 ಅಂತ ಹಿಡಿದ್ರೆ ಯಾರೋ ಮೂರು ಚಿಲ್ಲರೆಯಿಂದ ಭಾಗಿಸಿದ್ದಾರೆ. 28 ಹಾಕಿದ್ರೆ ಆ ಫ್ಯಾಕ್ಟರ್ ಆಫ್ ಸೇಫ್ಟಿ 3.12ರಿಂದ 3.08ಕ್ಕೆ ಇಳಿಯತ್ತೆ, ಅಷ್ಟೇ ತಾನೇ. ಈಗ ಮುಂದಿನ ಪ್ರಶ್ನೆ, ಮೂರೇ ಯಾಕೆ, ಎರಡು ಯಾಕಲ್ಲ, ಆರು ಯಾಕಲ್ಲ? ಇಲ್ಲಿಂದ ಶುರುವಾಗತ್ತೆ ನೋಡಿ ಡಿಸೈನ್. ಲೋಡ್ 50 ಅಂತ ಹೇಳಿದ್ಯಾರು, ಅಳೆದಿದ್ದಾ ಅಂದಾಜಾ? ಅಂದಾಜಲ್ಲೇ ಹತ್ತು ಪರ್ಸೆಂಟ್ ಆಚೆ ಈಚೆ ಇದ್ರೆ ಈ ಒಂದೂವರೆ ಪರ್ಸೆಂಟಿಗೆ ಜಗಳ ಆಡೋದಕ್ಕೆ ಅರ್ಥ ಇದ್ಯಾ? ಲೋಡ್ ಸುಮ್ನೆ ನಿಂತಿರತ್ತಾ, ದಿನಾ ಸಾವಿರ ಸಲ ಎಳೆದು ಬಿಡತ್ತಾ, ಹಾಗಿದ್ರೆ ಈಲ್ಡ್ ಪಕ್ಕಕ್ಕಿಡಿ, ಫಟೀಗ್ (ಪದೇ ಪದೇ ಲೋಡ್ ಬಿದ್ದು ಸೋಲೋದು) ನೋಡಿ. ಕೆಳಗೆ ಜನ ನಿಲ್ತಾರಾ? ತೂಕ ನೋಡಿದ್ರೆ 28ರ ರಾಡು ಮೀಟರಿಗೆ 4.83 ಕೆ.ಜಿ., 30ರದ್ದು 5.55. ಒಂದು ಪೀಸಿಗೆ ಇದು ಲೆಕ್ಕಕ್ಕೇ ಬರಲ್ಲ, ಹತ್ತು ಸಾವಿರ ಪೀಸ್ ಮಾಡ್ತೀವಿ ಅಂದ್ರೆ ಪರ್ಚೇಸಿನವರು ಬಂದು ನಿಮ್ಮ ಟೇಬಲ್ ಮೇಲೆ ಕೂತ್ಕೋತಾರೆ.

ಇಂಟರ್‌ವ್ಯೂನಲ್ಲಿ ನಾನು ಕೇಳೋದು ಇಷ್ಟೇ, 28 ಹಾಕ್ತೀಯಾ ಇಲ್ವಾ, ಯಾಕೆ. ಹಾಕ್ತೀನಿ ಅಂದ್ರೂ ಓಕೆ, ಇಲ್ಲ ಅಂದ್ರೂ ಓಕೆ. 'ಹ್ಯಾಂಡ್‌ಬುಕ್ಕಲ್ಲಿ ಹಾಗಿದೆ' ಅಂದ್ರೆ ಥ್ಯಾಂಕ್ಯೂ ಹೇಳಿ ಕಳಿಸ್ತೀನಿ.

ಮೆಕ್_ಮೇಷ್ಟ್ರು:
@ಸಿಲ್ಕ್‌ಬೋರ್ಡ್_ಸಂತ್ರಸ್ತ ಇದು ನಾಳೆ ಬೆಳಗ್ಗೆ ಕ್ಲಾಸಿಗೇ ಹೋಗತ್ತೆ ಸರ್. ಥ್ಯಾಂಕ್ಸ್.

ಪೀಣ್ಯ_ಲೇತ್:
ನಮ್ದು ಪೀಣ್ಯ ಸೆಕೆಂಡ್ ಸ್ಟೇಜಲ್ಲಿ ಜಾಬ್‌ವರ್ಕ್ ಶಾಪು. ಫೈನಲ್ ಇಯರ್ ಹುಡುಗ್ರು ಮಾರ್ಚ್ ಏಪ್ರಿಲ್ ಬಂತು ಅಂದ್ರೆ ಡ್ರಾಯಿಂಗ್ ಹಿಡ್ಕೊಂಡು ಬರ್ತಾರೆ. ಎಲ್ಲಾ ಡೈಮೆನ್ಷನ್ ಮೇಲೂ ಪ್ಲಸ್ ಆರ್ ಮೈನಸ್ 0.01 ಮಿ.ಮೀ. ಟಾಲರೆನ್ಸು, ಅಂದ್ರೆ ಅಳತೆ ಅಷ್ಟು ಮಾತ್ರ ಆಚೆ ಈಚೆ ಆಗ್ಬೋದು. ಯಾಕಮ್ಮಾ ಈ ಕವರ್ ಪ್ಲೇಟಿಗೆ 0.01 ಅಂದ್ರೆ 'ಅಕ್ಯುರೇಟ್ ಆಗಿರ್ಲಿ ಅಂತ ಅಂಕಲ್'. ಕವರ್ ಪ್ಲೇಟ್ ಅದು, ಧೂಳು ಬೀಳ್ದೆ ಇದ್ರೆ ಸಾಕು! ಗ್ರೈಂಡಿಂಗ್ ಮಾಡ್ಬೇಕಾಗತ್ತೆ ರೇಟ್ ಇಷ್ಟಾಗತ್ತೆ ಅಂತ ಹೇಳಿದ್ರೆ ಮುಖ ಸಪ್ಪಗಾಗತ್ತೆ. ಅದೇ ಬೇರಿಂಗ್ ಕೂರೋ ಜಾಗದಲ್ಲಿ ಟಾಲರೆನ್ಸೇ ಇರಲ್ಲ, ಬರೀ 25 ಅಂತ ಬರ್ದಿರ್ತಾರೆ. ಎಲ್ಲಿ ಬೇಕೋ ಅಲ್ಲಿಲ್ಲ, ಬೇಡದ ಕಡೆ ತುಂಬಿಸಿರ್ತಾರೆ.

ಆಮೇಲೆ ಮಿಲ್ಲಿಂಗ್ ಪಾಕೆಟ್ ಒಳಗಡೆ ಮೂಲೆ ಚೂಪಾಗಿ 90 ಡಿಗ್ರಿ. ಕಟ್ಟರ್ ದುಂಡಗಿರತ್ತೆ ಕಣಪ್ಪ, ಚೂಪು ಮೂಲೆ ಹೇಗೆ ಬರತ್ತೆ? ಕಂಪ್ಯೂಟರಲ್ಲಿ ಬಂದಿದೆಯಲ್ಲಾ ಅಂತಾನೆ. ಮೊನ್ನೆ ಒಂದು ಟೀಮು ಗೇರ್‌ಬಾಕ್ಸ್ ಹೌಸಿಂಗ್ ಮಾಡಿಸ್ಕೊಂಡ್ರು, ಬೋಲ್ಟ್ ತಲೆಗೂ ಗೋಡೆಗೂ ನಡುವೆ ಐದು ಮಿ.ಮೀ. ಜಾಗ, ಅಲ್ಲಿ ಸ್ಪ್ಯಾನರೂ ಹೋಗಲ್ಲ ಸಾಕೆಟ್ಟೂ ಹೋಗಲ್ಲ. ಸ್ಕ್ರೀನ್ ಮೇಲೆ ಬೋಲ್ಟು ತಾನೇ ಹೋಗಿ ಕೂತಿರತ್ತೆ ಅಲ್ವಾ, ಟೈಟ್ ಮಾಡೋರು ಯಾರು ಅಂತ ಯಾರೂ ಯೋಚ್ನೆ ಮಾಡಿರಲ್ಲ. ಮೇಷ್ಟ್ರೇ, ಡ್ರಾಯಿಂಗ್‌ಗೆ ಮಾರ್ಕ್ಸ್ ಕೊಡೋಕ್ ಮುಂಚೆ ಒಬ್ಬ ಟರ್ನರ್ ಹತ್ರ ಓದ್ಸಿ.

ತೀರ್ಥಳ್ಳಿ_ತೋಟ:
ನಾನು ಎಂಜಿನಿಯರ್ ಅಲ್ಲ ಮಾರಾಯ್ರೆ, ಅಡಿಕೆ ತೋಟ ಇದೆ ಅಷ್ಟೆ. ನಮ್ಮೂರಿಗೆ ಕಾಲೇಜ್ ಹುಡುಗ್ರು 'ಅಡಿಕೆ ಮರ ಹತ್ತುವ ರೋಬೋಟ್' ಅಂತ ಬರ್ತಾನೇ ಇರ್ತಾರೆ. ಪಾಪ ಒಳ್ಳೆ ಹುಡುಗ್ರೇ, ಕಷ್ಟಪಟ್ಟು ಮಾಡಿರ್ತಾರೆ, ಮಿಷನ್ನು ಹತ್ತುತ್ತೆ ಕೂಡ. ಒಂದು ಮರ ಹತ್ತುತ್ತೆ ಇಳಿಯುತ್ತೆ, ಬಿಚ್ಚಿ ಇನ್ನೊಂದು ಮರಕ್ಕೆ ಕಟ್ಟಬೇಕು. ನಮ್ಮ ಕೊನೆಗಾರ (ಕೊನೆ ಅಂದ್ರೆ ಅಡಿಕೆ ಗೊನೆ, ಅದನ್ನ ಇಳಿಸೋನು) ಇದ್ದಾನಲ್ಲ, ಅವ ಒಂದು ಮರ ಹತ್ತಿದ ಅಂದ್ರೆ ಮೇಲಿಂದಲೇ ಮರ ತೂಗಿ ಪಕ್ಕದ ಮರ ಹಿಡ್ಕೊಂಡು ದಾಟಿ ದಾಟಿ ಹೋಗ್ತಾನೆ, ಕೆಳಗೆ ಇಳಿಯೋದೇ ಅಪರೂಪ. ಇದನ್ನ ಒಬ್ಬನೂ ನಿಂತು ನೋಡಿರಲ್ಲ. ಔಷಧಿ ಹೊಡೆಯೋದು ಯಾವಾಗ? ಮಳೆಗಾಲದಲ್ಲಿ, ಕೊಳೆ ರೋಗಕ್ಕೆ ಬೋರ್ಡೋ ದ್ರಾವಣ. ಮರ ಪಾಚಿ ಕಟ್ಟಿ ಜಾರ್ತಿರುತ್ತೆ. ಇವ್ರು ಟೆಸ್ಟ್ ಮಾಡೋದು ಎಲ್ಲಿ, ಕಾಲೇಜ್ ಕಾರಿಡಾರಲ್ಲಿ ನಿಲ್ಲಿಸಿದ ಪಿವಿಸಿ ಪೈಪ್ ಮೇಲೆ! ಪೈಪು ಮೇಲಿಂದ ಕೆಳಗಿನ ತನಕ ಒಂದೇ ದಪ್ಪ, ಅಡಿಕೆ ಮರ ಮೇಲೆ ಹೋದ ಹಾಗೆ ಸಣ್ಣ ಆಗ್ತದೆ, ಗಾಳಿಗೆ ಓಲಾಡ್ತದೆ.

ಕೊನೆಗೆ ನಮ್ಮ ಕಡೆ ಗೆದ್ದದ್ದು ಎಂತ ಗೊತ್ತುಂಟಾ? ಕಾರ್ಬನ್ ಫೈಬರ್ ದೋಟಿ (ಉದ್ದನೆ ಕೋಲು). ನೆಲದ ಮೇಲೆ ನಿಂತ್ಕೊಂಡು 60 ಅಡಿ ಮೇಲಿನ ಕೊನೆ ತೆಗೀತಾರೆ, ಔಷಧಿನೂ ಅದರಲ್ಲೇ. ಕುತ್ತಿಗೆ ನೋವು ಬರ್ತದೆ, ಕೈ ಕೂರೋಕೆ ಸಮಯ ಬೇಕು, ಕರೆಂಟ್ ಲೈನ್ ಹತ್ರ ಒಯ್ದರೆ ಪ್ರಾಣಕ್ಕೇ ಅಪಾಯ ಯಾಕಂದ್ರೆ ಕಾರ್ಬನ್ ಫೈಬರಲ್ಲಿ ಕರೆಂಟ್ ಹರೀತದೆ. ಆದ್ರೂ ಜನ ತಗೊಂಡ್ರು. ನಮಗೆ ಬೇಕಾಗಿದ್ದು ಮರ ಹತ್ತೋದಲ್ಲ, ಕೊನೆ ಕೆಳಗೆ ಬರೋದು.

ಸಿಲ್ಕ್‌ಬೋರ್ಡ್_ಸಂತ್ರಸ್ತ:
ಕೊನೇ ಲೈನ್ ಕಂಪನಿ ಗೋಡೆಗೆ ಪ್ರಿಂಟ್ ಹಾಕಿಸ್ತೀನಿ ಸರ್. ಪ್ರಾಬ್ಲಮ್ ಸ್ಟೇಟ್‌ಮೆಂಟಲ್ಲೇ 'ರೋಬೋಟ್' ಅಂತ ಬರೆದಾಯ್ತು ಅಂದ್ರೆ ಡಿಸೈನ್ ಅಲ್ಲಿಗೇ ಮುಗೀತು, ಉಳಿದಿದ್ದು ಬರೀ ಫ್ಯಾಬ್ರಿಕೇಷನ್.

ಗೋಕುಲ್‌ರೋಡ್_ಹುಬ್ಬಳ್ಳಿ:
ಐದನೇ ಸೆಮ್ಮಿಗೆ ಶುರು ಮಾಡೂದ ತಡ ಆತ್ರಿ ಸರ. ನಮ್ ಊರಾಗ ಕೆಎಲ್‌ಇ ಟೆಕ್‌ನಾಗ ಫಸ್ಟ್ ಇಯರಿಗೇ ಎಂಜಿನಿಯರಿಂಗ್ ಎಕ್ಸ್‌ಪ್ಲೊರೇಷನ್ ಅಂತ ಕೋರ್ಸ್ ಐತ್ರಿ, ಎಲ್ಲಾ ಬ್ರ್ಯಾಂಚಿನ ಹುಡುಗ್ರ್ನ ಕೂಡಿಸಿ ಪ್ರಾಬ್ಲಮ್ ಏನಂತ ಬರ್ಸೂದು, ನಾಕ್ ಐಡಿಯಾ ಹಾಕ್ಸೂದು, ಆಮ್ಯಾಲ ಮಾಡ್ಸೂದು. ಇನ್ನೂ ಫಾರ್ಮುಲಾ ಗೊತ್ತಿರಂಗಿಲ್ಲ, ಹಂಗಾಗಿ ಅಂಜಿಕೆನೂ ಇರಂಗಿಲ್ಲ. ಮೂರನೇ ವರ್ಷಕ್ಕ ಬರೂದ್ರಾಗ ಹುಡುಗ್ರು 'ಕರೆಕ್ಟ್ ಆನ್ಸರ್' ಅನ್ನೂ ಚಟಕ್ಕ ಬಿದ್ದಿರ್ತಾರ್ರಿ, ಅದನ್ನ ಬಿಡ್ಸೂದ ದೊಡ್ಡ ಕೆಲಸ.

ಮೆಕ್_ಮೇಷ್ಟ್ರು:
ನಿಜ ಸರ್, ಆದ್ರೆ ಫಸ್ಟ್ ಇಯರ್ ಸಿಲೆಬಸ್ ಬದಲಾಯಿಸೋ ಪವರ್ ನನಗಿಲ್ಲ. ಯೂನಿವರ್ಸಿಟಿ ಆದ ಕಾಲೇಜಿಗೂ ಅಫಿಲಿಯೇಟೆಡ್ ಕಾಲೇಜಿಗೂ ಅದೇ ವ್ಯತ್ಯಾಸ. ನಮ್ಮಲ್ಲಿ ಎನ್‌ಬಿಎ ಫೈಲಿಗೆ (ಕೋರ್ಸುಗಳಿಗೆ ಮಾನ್ಯತೆ ಕೊಡೋ ಸಂಸ್ಥೆ ಅದು) ಪಿಓ 3, ಅಂದ್ರೆ ವಿದ್ಯಾರ್ಥಿಗೆ ಬರಬೇಕಾದ ಸಾಮರ್ಥ್ಯಗಳಲ್ಲಿ ಮೂರನೇದು, 'ಡಿಸೈನ್ ಅಂಡ್ ಡೆವಲಪ್‌ಮೆಂಟ್ ಆಫ್ ಸೊಲ್ಯೂಷನ್ಸ್' ಅಂತ ಇದ್ಯಲ್ಲ, ಅದರ ಮುಂದೆ 3 (ಪೂರ್ತಿ ಹೊಂದತ್ತೆ) ಅಂತ ಬರೆದು ಮ್ಯಾಪಿಂಗ್ ಮುಗಿಸ್ತಾರೆ. ಭಾರತ 2014ರಲ್ಲಿ ವಾಷಿಂಗ್ಟನ್ ಅಕಾರ್ಡಿಗೆ (ದೇಶಗಳು ಒಬ್ರ ಎಂಜಿನಿಯರಿಂಗ್ ಡಿಗ್ರಿ ಇನ್ನೊಬ್ರು ಒಪ್ಪೋ ಒಪ್ಪಂದ) ಖಾಯಂ ಸದಸ್ಯ ಆಯ್ತಲ್ಲ, ಆ ಸಲುವಾಗಿ ಈ ಕಾಗದಗಳು ಬಂದಿದ್ದು, ಉದ್ದೇಶ ಚೆನ್ನಾಗಿದೆ, ಮಾಡೋದು ಮಾತ್ರ ಎಕ್ಸೆಲ್ ಶೀಟಲ್ಲಿ.

ಸಿಕ್ಸ್ತ್‌ಸೆಮ್_ಸಂಕಟ:
ಸ್ಟೂಡೆಂಟ್ ಕಡೆಯಿಂದ ಒಂದ್ ಮಾತು. ಓಪನ್ ಎಂಡೆಡ್ ಅಂತ ಕೊಟ್ಟಾಗ ಆಗೋದು ಏನಂದ್ರೆ ಐದ್ ಜನರ ಟೀಮಲ್ಲಿ ಒಬ್ಬ ಕೆಲ್ಸ ಮಾಡ್ತಾನೆ ಒಬ್ಬ ಪಿಪಿಟಿ ಮಾಡ್ತಾನೆ ಮೂರ್ ಜನ ಹೆಸ್ರು ಹಾಕಿಸ್ಕೋತಾರೆ, ಮಾರ್ಕ್ಸ್ ಎಲ್ರಿಗೂ ಸೇಮ್. ಇನ್ನು ಮಿಷನ್ ಓಡ್ಲಿಲ್ಲ ಅಂದ್ರೆ ಮಾರ್ಕ್ಸ್ ಕಟ್. ಹಾಗಾಗಿ ಎಲ್ರೂ ರಿಸ್ಕ್ ತಗೊಳ್ದೆ ಯೂಟ್ಯೂಬಲ್ಲಿ ಓಡಿರೋದನ್ನೇ ಮಾಡ್ತಾರೆ, ಇಲ್ಲಾ ದುಡ್ಡು ಕೊಟ್ಟು ರೆಡಿಮೇಡ್ ಪ್ರಾಜೆಕ್ಟ್ ತರ್ತಾರೆ, ರಿಪೋರ್ಟ್ ಬೈಂಡ್ ಆಗಿ ಜೊತೇಲೇ ಬರತ್ತೆ. ನಾವು ಸೋಂಬೇರಿಗಳು ಅಂತ ಬೈತೀರ, ಆದ್ರೆ ಹೊಸದು ಟ್ರೈ ಮಾಡಿ ಫೇಲ್ ಆದವ್ನಿಗೆ 28, ಖರೀದಿ ಮಾಡಿ ಓಡಿಸಿದವ್ನಿಗೆ 48 ಕೊಡೋದು ನೀವೇ ತಾನೇ ಸರ್?

ಮಂಡ್ಯ_ಟು_ಮಿಶಿಗನ್:
@ಸಿಕ್ಸ್ತ್‌ಸೆಮ್_ಸಂಕಟ ಪಾಯಿಂಟ್ ಕರೆಕ್ಟಾಗಿದೆ ತಮ್ಮ. ಇಲ್ಲಿ ಕ್ಯಾಪ್‌ಸ್ಟೋನ್ ಕೋರ್ಸಿಗೆ (ಕೊನೇ ವರ್ಷದ ದೊಡ್ಡ ಪ್ರಾಜೆಕ್ಟು) ಟಿಎ, ಅಂದ್ರೆ ಪಾಠಕ್ಕೆ ಸಹಾಯಕ, ಆಗಿದ್ದೆ, ಇಲ್ಲೂ ಸ್ವರ್ಗ ಏನಿಲ್ಲ, ಪುಕ್ಕಟೆ ಸವಾರಿ ಮಾಡೋರು ಇಲ್ಲೂ ಇದಾರೆ. ನಾವು ಮಾಡ್ತಿದ್ದಿದ್ದು ಏನಂದ್ರೆ, ವೈವಾ ದಿನ ಚೀಟಿ ಎತ್ತೋದು. ಯಾರ ಕೈಗೆ ಯಾವ ಪಾರ್ಟ್ ಬಂತೋ ಅವ್ರು ಅದರ ಬಗ್ಗೆ ಹೇಳ್ಬೇಕು, ಯಾಕೆ ಈ ಮೆಟೀರಿಯಲ್, ಯಾಕೆ ಈ ದಪ್ಪ, ಬೇರೆ ಏನೇನು ಯೋಚ್ನೆ ಮಾಡಿ ಬಿಟ್ರಿ. ಚೀಟಿ ಬಗ್ಗೆ ಗೊತ್ತಾದ್ರೆ ಟೀಮು ತಾನಾಗೇ ಒಬ್ರಿಗೊಬ್ರು ಪಾಠ ಹೇಳ್ಕೊಳ್ಳತ್ತೆ.

ಎಂಐಟಿಯಲ್ಲಿ ವುಡಿ ಫ್ಲವರ್ಸ್ ಅನ್ನೋ ಪ್ರೊಫೆಸರ್ 1970ರ ದಶಕದಲ್ಲೇ ಇನ್ನೊಂದು ದಾರಿ ಹಿಡಿದ್ರು. ಎಲ್ರಿಗೂ ಒಂದೇ ಥರದ ಸಾಮಾನಿನ ಕಿಟ್ಟು, ಒಂದೇ ಟಾಸ್ಕು, ಸೆಮಿಸ್ಟರ್ ಕೊನೇಲಿ ಮಿಷನ್ನುಗಳ ಕುಸ್ತಿ. ಆಗ 2.70 ಅಂತ ಕೋರ್ಸ್ ನಂಬರ್, ಈಗ 2.007. ಸಾಮಾನು ಅಷ್ಟೇ ಇರೋದ್ರಿಂದ ದುಡ್ಡಿರೋ ಟೀಮಿಗೆ ಅಡ್ವಾಂಟೇಜ್ ಇಲ್ಲ, ಹೊರಗಿಂದ ಖರೀದಿ ಮಾಡಕ್ಕೂ ಆಗಲ್ಲ, ಆದ್ರೂ ಒಂದು ಮಿಷನ್ ಇದ್ದ ಹಾಗೆ ಇನ್ನೊಂದಿರಲ್ಲ. ರೆಡಿಮೇಡ್ ರೋಗಕ್ಕೆ ಇದು ಒಳ್ಳೇ ಮದ್ದು. ಸ್ಪರ್ಧೆ ಅಂದ್ರೆ ಗೆಲ್ಲೋದೇ ಮುಖ್ಯ ಆಗ್ಬಿಡತ್ತೆ ಅನ್ನೋ ಕಂಪ್ಲೇಂಟ್ ನಂದೂ ಇದೆ, ಆದ್ರೂ ಸ್ಪಾಗೆಟಿಗಿಂತ ವಾಸಿ.

ಬ್ಯಾಕ್‌ಬೆಂಚ್_ಸಿವಿಲ್:
ಮೆಕ್ಯಾನಿಕಲ್‌ನವರ ಮಧ್ಯೆ ಸಿವಿಲ್‌ನವನು ಬರ್ಬೋದಾ? ನಾನು ಒಂದೇ ಒಂದು ಕೇಸ್ ಮೇಲೆ ಪೂರ್ತಿ ಎರಡು ಗಂಟೆ ಕ್ಲಾಸ್ ತಗೋತೀನಿ. ಅಮೆರಿಕದ ಕಾನ್ಸಸ್ ಸಿಟಿ, ಹಯಾತ್ ರೀಜೆನ್ಸಿ ಹೋಟೆಲ್, 1981 ಜುಲೈ 17. ಲಾಬಿ ಮೇಲೆ ತೂಗುಹಾಕಿದ್ದ ವಾಕ್‌ವೇಗಳು ಕುಸಿದು 114 ಜನ ಸತ್ರು. ಮೊದಲಿನ ಡ್ರಾಯಿಂಗಲ್ಲಿ ಚಾವಣಿಯಿಂದ ಒಂದೇ ಉದ್ದನೆ ರಾಡು, ನಾಲ್ಕನೇ ಮಹಡಿ ವಾಕ್‌ವೇ ದಾಟಿ ಎರಡನೇ ಮಹಡಿಯದ್ದರ ತನಕ ಬರ್ಬೇಕಿತ್ತು, ಪ್ರತಿ ವಾಕ್‌ವೇಗೂ ಅದರದ್ದೇ ನಟ್ಟು. ಅಷ್ಟುದ್ದ ರಾಡಿಗೆ ಥ್ರೆಡ್ ಹಾಕೋದು ಕಷ್ಟ ಅಂತ ಅದನ್ನ ಎರಡು ತುಂಡು ಮಾಡಿದ್ರು, ಮೇಲಿನದು ಚಾವಣಿಯಿಂದ ನಾಲ್ಕನೇ ಮಹಡಿಗೆ, ಕೆಳಗಿನದು ನಾಲ್ಕನೇ ಮಹಡಿ ಬೀಮಿಂದ ಎರಡನೇದಕ್ಕೆ. ನೋಡೋಕೆ ಏನೂ ವ್ಯತ್ಯಾಸ ಇಲ್ಲ. ಆದ್ರೆ ಈಗ ಮೇಲಿನ ಬೀಮಿನ ಕೆಳಗಿರೋ ನಟ್ಟು ಎರಡೂ ವಾಕ್‌ವೇ ಭಾರ ಹೊರ್ಬೇಕು. ಡಬಲ್. ಮೊದಲಿನ ಡಿಸೈನೇ ಕೋಡ್ ಕೇಳೋದರ ಸುಮಾರು 60 ಪರ್ಸೆಂಟ್ ಮಾತ್ರ ಇತ್ತು ಅಂತ ಆಮೇಲೆ ತನಿಖೇಲಿ ಗೊತ್ತಾಯ್ತು.

ಮಾತಲ್ಲಿ ಹೇಳಿದ್ರೆ ಹುಡುಗ್ರು ತಲೆ ಆಡಿಸ್ತಾರೆ, ಅರ್ಥ ಆಗಿರಲ್ಲ. ಹಾಗಾಗಿ ಲಗೇಜ್ ತೂಗೋ ಡಿಜಿಟಲ್ ಕೊಕ್ಕೆ ತಕ್ಕಡಿ ಎರಡು, ಹಗ್ಗ, ಒಂದೊಂದು ಲೀಟರಿನ ನೀರಿನ ಬಾಟ್ಲಿ ಎರಡು ತಗೊಂಡು ಹೋಗ್ತೀನಿ. ಬಾಟ್ಲಿ ಹಗ್ಗಕ್ಕೆ ಸೇರೋ ಜಾಗದಲ್ಲಿ ತಕ್ಕಡಿ ಸಿಕ್ಕಿಸಿ ಎರಡೂ ಥರ ಕಟ್ಟಿಸಿ ರೀಡಿಂಗ್ ಓದಿಸ್ತೀನಿ, ಆದ್ರೆ ಅದಕ್ಕೆ ಮುಂಚೆ ಎಲ್ರೂ ಎಷ್ಟು ಬರತ್ತೆ ಅಂತ ಚೀಟೀಲಿ ಬರೀಬೇಕು. ಎರಡರಲ್ಲೂ ಒಂದೇ ಬರತ್ತೆ ಅಂತ ಬರೆಯೋರು ಎಷ್ಟು ಜನ ಅಂತ ನೋಡಿದ್ರೆ ನಿಮಗೇ ಆಶ್ಚರ್ಯ ಆಗತ್ತೆ.

ಮೆಕ್_ಮೇಷ್ಟ್ರು:
ಚೀಟೀಲಿ ಮೊದ್ಲೇ ಬರೆಸೋದು! ಇದು ಇಷ್ಟ ಆಯ್ತು. ಇದನ್ನೇ ಪ್ರಾಜೆಕ್ಟಿಗೂ ಹಾಕ್ಬೋದಲ್ವಾ. ಮಿಷನ್ ಓಡ್ತಾ ಇಲ್ವಾ ಅನ್ನೋದಕ್ಕೆ ಮಾರ್ಕ್ಸ್ ಬೇಡ. ಟೆಸ್ಟಿಗೆ ಮುಂಚೆ 'ಇಷ್ಟು ಲೋಡಿಗೆ ಇಷ್ಟು ಬಾಗತ್ತೆ, ಇಲ್ಲಿ ಮುರಿಯತ್ತೆ' ಅಂತ ಬರೆದು ಸಹಿ ಹಾಕಿ ಕೊಡ್ಲಿ, ಟೆಸ್ಟ್ ಆದ್ಮೇಲೆ ಯಾಕೆ ಬೇರೆ ಬಂತು ಅಂತ ವಿವರಿಸ್ಲಿ. ಬರೆದ ಹಾಗೇ ಮುರಿದ ಬ್ರಾಕೆಟ್ಟಿಗೆ ಫುಲ್ ಮಾರ್ಕ್ಸ್. ಯಾಕೆ ಓಡ್ತು ಅಂತ ಹೇಳಕ್ಕಾಗ್ದೆ ಇರೋ ಮಿಷನ್‌ಗೆ ಅರ್ಧ. ಖರೀದಿ ಮಾಡಿ ತಂದವ್ನು ಇಲ್ಲೇ ಸಿಕ್ಕಿಹಾಕ್ಕೋತಾನೆ.

ಸಿಕ್ಸ್ತ್‌ಸೆಮ್_ಸಂಕಟ:
ಇದು ಸೂಪರ್ ಸರ್, ಆದ್ರೆ ಆನ್ಸಿಸ್ (ಸ್ಟ್ರೆಸ್ ಲೆಕ್ಕ ಹಾಕೋ ಸಾಫ್ಟ್‌ವೇರ್) ಹಾಕಿ ಅದರಲ್ಲಿ ಬಂದಿದ್ದನ್ನೇ ಬರೆದು ಕೊಡ್ತೀವಿ, ಓಕೆ ನಾ?

ಸಿಲ್ಕ್‌ಬೋರ್ಡ್_ಸಂತ್ರಸ್ತ:
ಕೊಡಿ, ಆದ್ರೆ ಮೊದ್ಲು ಕೈಲೆಕ್ಕ. ಆನ್ಸಿಸ್‌ನಲ್ಲಿ ಕೆಂಪು ಹಳದಿ ಚಿತ್ರ ಎಲ್ರಿಗೂ ಬರತ್ತೆ. ಚೂಪು ಮೂಲೆ ಹತ್ರ ಮೆಷ್ (ಲೆಕ್ಕಕ್ಕೆ ಅಂತ ಪಾರ್ಟನ್ನ ಭಾಗ ಮಾಡೋ ತುಂಡುಗಳು) ಸಣ್ಣ ಮಾಡ್ತಾ ಹೋದ್ರೆ ಸ್ಟ್ರೆಸ್ ಏರ್ತಾನೇ ಹೋಗತ್ತೆ, ನಿಲ್ಲೋದೇ ಇಲ್ಲ, ಯಾವ ನಂಬರ್ ಬರೀತೀಯಾ? ಬ್ರಾಕೆಟ್ಟಿನ ಹಿಂಭಾಗ ಪೂರ್ತಿ ಫಿಕ್ಸೆಡ್ ಅಂತ ಕೊಟ್ಟಿರ್ತೀಯ, ನಿಜದಲ್ಲಿ ಎರಡು ಬೋಲ್ಟು ಹಿಡ್ಕೊಂಡಿರತ್ತೆ. ಕೈಲೆಕ್ಕಕ್ಕೂ ಸಾಫ್ಟ್‌ವೇರಿಗೂ ಎರಡು ಪಟ್ಟು ವ್ಯತ್ಯಾಸ ಬಂದಾಗ ಯಾವುದನ್ನ ನಂಬ್ತೀಯ ಅಂತ ಹೇಳಕ್ಕೆ ಬಂದ್ರೆ ನಮ್ಮಲ್ಲಿ ಕೆಲಸ ಇದೆ.

ರಿಟೈರ್ಡ್_ಜೆಇ:
ನಾನು ಜಿಲ್ಲಾ ಪಂಚಾಯಿತಿಯಲ್ಲಿ ಕುಡಿಯುವ ನೀರಿನ ವಿಭಾಗದಲ್ಲಿದ್ದವನು. ಹಳ್ಳಿಯಲ್ಲಿ ಬೋರ್‌ವೆಲ್ ಮೇಲಿರೋ ಕೈಪಂಪು ಇದೆಯಲ್ಲ, ಇಂಡಿಯಾ ಮಾರ್ಕ್ 2, ಅದನ್ನ ಕ್ಲಾಸಲ್ಲಿ ಬಿಚ್ಚಿಸಿ ಮೇಷ್ಟ್ರೇ. ಹಳೇ ಬೀಡುಕಬ್ಬಿಣದ ಪಂಪುಗಳು ಒಂದು ಮನೆಯವರು ಬಳಸೋಕೆ ಅಂತ ಇದ್ದದ್ದು, ಇಡೀ ಊರು ಹೊಡೆಯೋಕೆ ಶುರು ಮಾಡಿದ ಮೇಲೆ ಬಹುಪಾಲು ಕೆಟ್ಟು ನಿಂತವು. ಆಗ 1970ರ ದಶಕದಲ್ಲಿ ಸೋಲಾಪುರದ ಪಂಪನ್ನ ಆಧಾರ ಮಾಡ್ಕೊಂಡು ಯುನಿಸೆಫ್ ಜೊತೆ ಸೇರಿ ಇದನ್ನ ಮಾಡಿದ್ದು. ಹಿಡಿಕೆ ತುದೀಲಿ ಒಂದು ಚೈನ್ ಇದೆ, ಕಮಾನಿನ ಮೇಲೆ ಕೂರತ್ತೆ. ಯಾಕೆ ಚೈನು ಅಂತ ಹುಡುಗರನ್ನ ಕೇಳಿ. ಹಿಡಿಕೆ ವೃತ್ತದಲ್ಲಿ ತಿರುಗತ್ತೆ, ರಾಡು ನೆಟ್ಟಗೆ ಮೇಲೆ ಕೆಳಗೆ ಹೋಗ್ಬೇಕು, ಚೈನ್ ಇದ್ರೆ ಎಳೆತ ಯಾವಾಗ್ಲೂ ಲಂಬ, ರಾಡು ಪಕ್ಕಕ್ಕೆ ಉಜ್ಜಲ್ಲ.

ಮಾರ್ಕ್ 2ರಲ್ಲಿ ಕೆಳಗಿನ ಸಿಲಿಂಡರಲ್ಲಿ ಕಪ್ ವಾಷರ್ ಹೋಯ್ತು ಅಂದ್ರೆ ಪೈಪೆಲ್ಲಾ ಮೇಲೆ ಎತ್ತಬೇಕು, ಗಾಡಿ ಬೇಕು, ಜನ ಬೇಕು, ಅಲ್ಲಿ ತನಕ ಊರಿಗೆ ನೀರಿಲ್ಲ. ಮಾರ್ಕ್ 3ರಲ್ಲಿ 32ರ ಪೈಪ್ ಬದಲು 65 ಮಿ.ಮೀ. ಪೈಪ್ ಹಾಕಿದ್ರು, ಸಿಲಿಂಡರಿಗಿಂತ ಪೈಪು ಅಗಲ, ಹಾಗಾಗಿ ರಾಡ್ ಎಳೆದ್ರೆ ಪಿಸ್ಟನ್ ಪೈಪಿನ ಒಳಗಿಂದಲೇ ಮೇಲೆ ಬರತ್ತೆ. ರಿಪೇರಿ ಊರವರೇ ಮಾಡ್ಕೋಬೋದು. ಆದ್ರೆ ಆ ಪೈಪು ಭಾರ ಜಾಸ್ತಿ, ರೇಟೂ ಜಾಸ್ತಿ. ಯಾವುದು ಒಳ್ಳೆ ಡಿಸೈನು? ಕಚೇರಿಯಲ್ಲಿ ಟೆಂಡರ್ ನೋಡೋರಿಗೆ 2, ಊರಲ್ಲಿ ನೀರಿಗೆ ಕಾಯೋರಿಗೆ 3. ಹ್ಯಾಂಡ್‌ಬುಕ್ಕಲ್ಲಿ ಇದಕ್ಕೆ ಉತ್ತರ ಇಲ್ಲ.

ಮೆಕ್_ಮೇಷ್ಟ್ರು:
ಇಷ್ಟು ಬರತ್ತೆ ಅಂತ ಅಂದ್ಕೊಂಡಿರ್ಲಿಲ್ಲ. ಈ ಸೆಮ್ಮಿಗೆ ಹೀಗೆ ಮಾಡ್ತೀನಿ ಅಂತ ಎಚ್‌ಓಡಿ ಹತ್ರ ಮಾತಾಡಿ ಬಂದೆ. ಹಾಸ್ಟೆಲ್ ಮೆಸ್ಸಲ್ಲಿ 20 ಲೀಟರ್ ನೀರಿನ ಕ್ಯಾನ್ ಇದಾವೆ, ಅಲ್ಲಿ ಕೆಲಸ ಮಾಡೋ ಅಮ್ಮಂದಿರು ಅದನ್ನ ಎತ್ತಿ ಡಿಸ್ಪೆನ್ಸರ್ ಮೇಲೆ ಕೂರಿಸೋಕೆ ಒದ್ದಾಡ್ತಾರೆ. 'ಕ್ಯಾನ್ ಎತ್ತೋ ಮಿಷನ್' ಅಂತ ನಾನು ಕೊಡಲ್ಲ, ಹೋಗಿ ಒಂದು ಹೊತ್ತು ನಿಂತು ನೋಡಿ, ಅವರನ್ನ ಮಾತಾಡ್ಸಿ, ಪ್ರಾಬ್ಲಮ್ ಏನು ಅಂತ ನೀವೇ ಬರೀರಿ ಅಂತೀನಿ. ಎತ್ತದೇ ನೀರು ಬರೋ ಹಾಗೆ ಮಾಡಿದ್ರೂ ಸರಿ, ಪಂಪ್ ಹಾಕಿದ್ರೂ ಸರಿ, ಅಂಗಡೀಲಿ ಸಿಗೋ ಬಗ್ಗಿಸೋ ಸ್ಟ್ಯಾಂಡೇ ಸಾಕು ಅಂತ ಲೆಕ್ಕ ಕೊಟ್ಟು ತೋರಿಸಿದ್ರೂ ಸರಿ. ಪ್ರಾಬ್ಲಮ್ ಬರೆದದ್ದಕ್ಕೆ 5, ಬಿಟ್ಟ ಐಡಿಯಾಗಳಿಗೆ ಕಾರಣ ಕೊಟ್ಟಿದ್ದಕ್ಕೆ 5, ಮುಂಚೆ ಬರೆದ ಲೆಕ್ಕ ಮತ್ತೆ ಟೆಸ್ಟು ಸೇರಿ 8, ಚೀಟಿ ವೈವಾ 5, ಡ್ರಾಯಿಂಗ್‌ಗೆ 2. ಒಟ್ಟು 25, ಉಳಿದ 25 ಮಾಮೂಲಿ ಟೆಸ್ಟು. ಎಚ್‌ಓಡಿ 'ರುಬ್ರಿಕ್ ಪ್ರಿಂಟ್ ಮಾಡಿ ಫೈಲಲ್ಲಿ ಇಡಿ' ಅಂದ್ರು, ಬೇಡ ಅನ್ಲಿಲ್ಲ.

ತೀರ್ಥಳ್ಳಿ_ತೋಟ:
ಹುಡುಗ್ರು ಆ ಅಮ್ಮಂದಿರ ಹತ್ರ ಬರೀ ಕೇಳಿ ಬರೋದಲ್ಲ, ಒಂದಿನ ಕ್ಯಾನ್ ಅವ್ರೇ ಎತ್ತಲಿ.

ಪೀಣ್ಯ_ಲೇತ್:
ಡ್ರಾಯಿಂಗ್‌ಗೆ ಬರೀ ಎರಡಾ? ಅನ್ಯಾಯ ಮೇಷ್ಟ್ರೇ. ಐದು ಮಾಡಿ, ನಾನೇ ನೋಡಿ ಕೊಡ್ತೀನಿ. ಶನಿವಾರ ಮಧ್ಯಾಹ್ನ ಒಂದೊಂದು ಸಲಕ್ಕೆ ಹತ್ತು ಜನ ಕಳ್ಸಿ, ಡ್ರಾಯಿಂಗ್ ಪ್ರಿಂಟ್ ತರ್ಲಿ, ಫೋನಲ್ಲಿ ಥ್ರೀಡಿ ಮಾಡೆಲ್ ತಿರುಗಿಸಿ ತೋರಿಸೋದು ಬೇಡ. ಚಪ್ಪಲಿ ಹಾಕ್ಕೊಂಡು ಬಂದವ್ರು ಗೇಟಿಂದಲೇ ವಾಪಸ್, ಶೂ ಕಡ್ಡಾಯ.

ಸಿಕ್ಸ್ತ್‌ಸೆಮ್_ಸಂಕಟ:
ಅಂಕಲ್ ಬೇರೆ ಕಾಲೇಜಿನವ್ರೂ ಬರ್ಬೋದಾ?

ಪೀಣ್ಯ_ಲೇತ್:
ಬಾ. ಟಾಲರೆನ್ಸ್ ಹಾಕ್ಕೊಂಡು ಬಾ.